ಬಿಸಿಲಿಗೆ ಮುಂಚೆ

ಹಿಮ ಅಂದರೇನು ಅಂತ ಕೇಳಿದ್ದಕ್ಕೆ
ಉಪದೇಶಿ ಎಫ್ರಾಯಿಮಜ್ಜ ಕಿಟಕಿ ತೆರೆದು ತೋರಿಸಿದ್ದರು.
ಕೇತಿ ಕಣಿವೆ ತುಂಬ
ಯಾರೋ ರಾತ್ರಿ ಉಪ್ಪಿನ ಮೂಟೆ ಒಡೆದು ಓಡಿಹೋದಂತಿತ್ತು.
ನನಗೆ ಆರು ವರ್ಷ. ಸ್ವೆಟರಿನ ತೋಳು ಬಾಯಲ್ಲಿತ್ತು.
"ಇದಲ್ಲ, ಇದರ ದೊಡ್ಡಣ್ಣ" ಅಂದರು.
"ಅವನನ್ನು ನಾನೂ ನೋಡಿಲ್ಲ.
ಈ ದೇವಾಲಯ ಕಟ್ಟಿದವರ ಊರಲ್ಲಿ ಮೊಣಕಾಲುದ್ದ ಬೀಳುತ್ತಾನಂತೆ.
ನಮಗೆ ಇಷ್ಟು ಸಾಕು."

ಇಷ್ಟು ಸಾಕು ಅನ್ನುವುದನ್ನೇ ಅವರು
ಬೇರೆ ಬೇರೆ ವಾಕ್ಯ ಹಿಡಿದು
ನಲವತ್ತು ವರ್ಷ ಬೋಧಿಸಿದ್ದು.

ಈಗ ಕನ್ನಡ ಆರಾಧನೆ ತಿಂಗಳಿಗೊಂದೇ,
ಎರಡನೆಯ ಭಾನುವಾರ, ಬೆಳಿಗ್ಗೆ ಏಳಕ್ಕೆ.
ಒಂಬತ್ತಕ್ಕೆ ತಮಿಳಿನವರು ಬರುತ್ತಾರೆ, ಅಷ್ಟರಲ್ಲಿ ಮುಗಿಸಬೇಕು.
ನಾವು ಹನ್ನೊಂದು ಜನ.
ತಬಿತಮ್ಮನಿಗೆ ಕಿವಿ ಕೇಳದು, ಹಾಗಾಗಿ ಹತ್ತೂವರೆ
ಅಂತ ನನ್ನ ತಮ್ಮನ ಲೆಕ್ಕ.
ಬೀಗ ತೆಗೆಯುವವಳು ನಾನು, ಹಾರ್ಮೋನಿಯಂ ನುಡಿಸುವವಳೂ ನಾನೇ,
ಭಕ್ತಿಯಿಂದಲ್ಲ, ಬೇರೆ ಯಾರಿಗೂ ಬಾರದು ಅಂತ.
ಯಾರೂ ಸತ್ತಿರಲಿಲ್ಲ. ಯಾರೂ ಮೋಸ ಮಾಡಿರಲಿಲ್ಲ.
ಬೆಂಕಿಪೊಟ್ಟಣಕ್ಕೆ ತೇವ ಹಿಡಿಯುತ್ತದಲ್ಲ, ಹಾಗೆ.
ಗೀರುತ್ತಿದ್ದೆ.
ಹತ್ತುತ್ತಿರಲಿಲ್ಲ.

ಈ ಜನವರಿ, ಎರಡನೆಯ ಭಾನುವಾರ,
ನಾಲ್ಕೂವರೆಗೆ ಬಾಗಿಲು ಬಡಿದವಳು ನಂಜಕ್ಕ.
ಹೆತ್ತೆ ಹಬ್ಬದ ಬಿಳಿ ಬಟ್ಟೆಯನ್ನು ಅವಳಿನ್ನೂ ಮಡಿಸಿಟ್ಟಿರಲಿಲ್ಲ.
"ಏಳು, ನಿನ್ನ ಕ್ಯಾರೆಟ್ಟಿನ ಮೇಲೂ ಕೂತಿದೆ.
ಬಿಸಿಲು ಮುಟ್ಟುವ ಮೊದಲು ತೊಳೆಯದಿದ್ದರೆ ಬೆಂದುಹೋಗುತ್ತೆ."

ಮಂಜಿಗೆ ಮಂಜಷ್ಟೇ ಆಗಿ ಕೂತು ಗೊತ್ತು,
ಬಿಸಿಲಿಗೆ ಬಿಸಿಲಾಗಿ ಬಂದು ಗೊತ್ತು.
ಒಂದು ಎಲೆಯ ಮೇಲೆ ಇಬ್ಬರೂ ಎದುರಾದರೆ
ಸಾಯುವುದು ಎಲೆ.
ನಡುವೆ ಒಂದಿಷ್ಟು ನೀರು ಹೋಗಬೇಕು.

ಪಂಪಿನ ಕೊಳವೆ ಹೆಪ್ಪುಗಟ್ಟಿತ್ತು.
ಬಾವಿಗೆ ಬಿಂದಿಗೆ ಬಿಟ್ಟೆವು.
ಕೈ ಅದ್ದಿದರೆ, ಅಯ್ಯೋ, ನೀರು ಬೆಚ್ಚಗಿತ್ತು!
ಇಡೀ ಬೆಟ್ಟ ಗಡಗಡ ಅನ್ನುವಾಗ
ನೆಲದ ಹೊಟ್ಟೆಯೊಳಗೆ ಯಾರೋ ಒಲೆ ಆರಿಸದೆ ಕಾದಿದ್ದ ಹಾಗೆ.
ಹಲ್ಲು ಕಟಕಟ, ಟಾರ್ಚು ಬಾಯಲ್ಲಿ, ಸಾಲಿನಿಂದ ಸಾಲಿಗೆ.
ಕಾಲಿನಡಿ ಹುಲ್ಲು ಗಾಜಿನಂತೆ ಮುರಿಯುತ್ತಿತ್ತು.

ಒಬ್ಬೊಬ್ಬರಾಗಿ ಸಭೆಯವರು ಬಂದರು,
ಬೀಗ ಹಾಕಿದ ಬಾಗಿಲು ನೋಡಿ, ನನ್ನ ಬೆಳಕು ನೋಡಿ.
ಕೂನೂರಿನಿಂದ ಬೈಕಿನಲ್ಲಿ ಅಯ್ಯನವರು ಬಂದರು,
ನಿಲುವಂಗಿ ಚೀಲದಲ್ಲೇ ಉಳಿಯಿತು, ಪ್ಯಾಂಟು ಮೇಲೆ ಮಡಿಸಿಕೊಂಡರು.
ಮೂರು ಬೆರಳಲ್ಲಿ ಮಾತ್ರ ಚಿಮುಕಿಸಿ ಅಭ್ಯಾಸ ಅವರಿಗೆ.
ನಂಜಕ್ಕ ನಕ್ಕಳು:
"ಹೀಗಲ್ಲ ಸ್ವಾಮಿ, ಧಾರಾಳವಾಗಿ!"

ಆಮೇಲೆ ಅವರು ಧಾರಾಳವಾಗಿಯೇ ಸುರಿದರು,
ಎಲೆಗಳಿಗೆ, ತಮ್ಮ ಶೂಗಳಿಗೆ, ನನ್ನ ಬೆನ್ನಿಗೂ ಅರ್ಧ ಬಿಂದಿಗೆ.
ನಾನು ಕಿರುಚಿದೆ.
ಕಿರುಚಿದ್ದು ನಗುವಾಯಿತು, ನಗು ನಿಲ್ಲಲಿಲ್ಲ,
ಬಾಯಿಂದ ಆವಿ ಬರುತ್ತಿತ್ತು,
ಅದರೊಳಗೆ ಒಂದು ಪದ ಇತ್ತು, ಸ್ತೋತ್ರ ಅಂತ.
ನಾನು ಹೇಳಿದ್ದಲ್ಲ.
ಅಥವಾ ನಾನೇ ಇರಬೇಕು, ಬೇರೆ ಯಾರೂ ಅಷ್ಟು ಹತ್ತಿರ ಇರಲಿಲ್ಲ.

ಎದುರು ಗುಡ್ಡದ ನೀಲಗಿರಿ ಮರಗಳ ತುದಿಗೆ ಹಳದಿ ಬಂತು.
ತಬಿತಮ್ಮ ಬದನದ ಮೇಲೆ ಕುಕ್ಕರುಗಾಲಲ್ಲಿ ಕೂತು
ಯಾರೂ ಶ್ರುತಿ ಕೊಡುವ ಮೊದಲೇ ಹಾಡತೊಡಗಿದಳು,
ತನಗೇ ಕೇಳದ ದನಿಯಲ್ಲಿ, ಪೂರ್ತಿ ತಪ್ಪು ಸ್ಥಾಯಿಯಲ್ಲಿ.
ನಾವು ಅಲ್ಲಿಗೇ ಹೋಗಿ ಸೇರಿಕೊಂಡೆವು.
ಅವಳು ಇಳಿಯುವವಳಲ್ಲ.

ಕೆಳಗಿನ ಎರಡು ಮಡಿ ಸುಟ್ಟುಹೋದವು, ತಲುಪಲಾಗಲಿಲ್ಲ.
ಮಧ್ಯಾಹ್ನದ ಹೊತ್ತಿಗೆ ಟೀಸೊಪ್ಪಿನಂತೆ ಕಪ್ಪಗೆ.
ಅದನ್ನೂ ಹೇಳಬೇಕು.

ಒಂಬತ್ತಾದದ್ದು ಯಾರಿಗೂ ತಿಳಿಯಲಿಲ್ಲ.
ಮೇಲೆ ಗೇಟಿನ ಬಳಿ ತಮಿಳಿನವರು ಕಾಲು ಬಡಿಯುತ್ತ ನಿಂತಿದ್ದರು,
ಮಕ್ಕಳಿಗೆ ಮಂಕಿಟೋಪಿ, ಕೈಯಲ್ಲಿ ಪುಸ್ತಕ,
ನಮ್ಮನ್ನೇ ನೋಡುತ್ತ.
ಬೀಗದ ಕೈ ನನ್ನ ಸ್ವೆಟರಿನ ಜೇಬಿನಲ್ಲಿ
ಬೆಚ್ಚಗಾಗಿತ್ತು.